ಎಲ್ಲರೂ ಒಟ್ಟಿಗೆ ಕೇಳಬೇಕಾದ ಮಾತು

ಕಥೋಲಿಕರ ಬಲಿಪೂಜೆಯಲ್ಲಿ ಪರಮಪ್ರಸಾದ ಹಂಚಿ, ಅದರ ನಂತರದ ಪ್ರಾರ್ಥನೆಯೂ ಮುಗಿದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮುಂಚೆ ಲೋಕದ ಮಾತಿಗೆ ಒಂದಿಷ್ಟು ಜಾಗವಿದೆ. ಶುಕ್ರವಾರ ಶಿಲುಬೆ ಹಾದಿ ಎಷ್ಟು ಗಂಟೆಗೆ, ಮಕ್ಕಳ ಧರ್ಮೋಪದೇಶ ಎಂದಿನಿಂದ ಶುರು, ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ಗೊತ್ತಾಗಿದೆ, ಸ್ಮಶಾನದ ಕಾಂಪೌಂಡಿಗೆ ವಂತಿಗೆ ಕೊಡದವರು ಬೇಗ ಕೊಡಿ. ಇದಕ್ಕೆ ಪ್ರಕಟಣೆ ಎಂದು ಹೆಸರು. ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕಲು ಹೊರಡುವ ಹೊತ್ತೂ ಇದೇ. ಪ್ರಬೋಧನೆ ಹೇಗಿರಬೇಕು, ಹಾಡು ಹೇಗಿರಬೇಕು ಎಂದು ಚರ್ಚಿಸುವವರು ಈ ಐದು ನಿಮಿಷವನ್ನು ಚರ್ಚೆಗೆ ಯೋಗ್ಯವೆಂದು ಎಣಿಸುವುದಿಲ್ಲ. ನನ್ನ ವಾದ ಬೇರೆ. ಒಂದು ಧರ್ಮಕೇಂದ್ರದಲ್ಲಿ ಯಾರಿಗೆ ಬಲವಿದೆ, ಯಾರು ಯಾರಿಗೆ ಲೆಕ್ಕ ಕೊಡಬೇಕು, ಯಾರ ಕಷ್ಟ ಎಲ್ಲರ ಕಷ್ಟವಾಗುತ್ತದೆ ಎಂಬುದು ಪ್ರಬೋಧನೆಯಲ್ಲಿ ತಿಳಿಯುವುದಕ್ಕಿಂತ ಪ್ರಕಟಣೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಅದನ್ನು ಕೈಬಿಡುವುದೂ ತಪ್ಪು, ಈಗ ನಡೆಯುತ್ತಿರುವಂತೆ ಬಿಡುವುದೂ ತಪ್ಪು.

ಪ್ರಕಟಣೆಯ ವಿರುದ್ಧ ಎರಡು ದಿಕ್ಕಿನಿಂದ ದೂರುಗಳಿವೆ. ಭಕ್ತರ ದೂರು: ಪ್ರಸಾದ ಸ್ವೀಕರಿಸಿ ಮನಸ್ಸು ತಣ್ಣಗಾದ ಹೊತ್ತಿನಲ್ಲಿ ಬಸ್ಸಿನ ಸಮಯ, ಚೀಟಿ ಹಣ, ಊಟದ ಟಿಕೆಟ್ಟಿನ ಮಾತು ಕಿವಿಗೆ ಬಿದ್ದರೆ ಪೂಜೆಯ ಗಾಂಭೀರ್ಯವೇ ಕರಗುತ್ತದೆ. ವ್ಯವಹಾರಸ್ಥರ ದೂರು: ಎಲ್ಲರ ಕೈಯಲ್ಲೂ ಫೋನಿರುವಾಗ, ಪ್ರತಿ ವಲಯಕ್ಕೂ ಒಂದು ವಾಟ್ಸಾಪ್ ಗುಂಪಿರುವಾಗ, ಬಾಯಿಬಿಟ್ಟು ಓದುವ ಅಗತ್ಯವೇನು? ಎರಡರಲ್ಲೂ ಸತ್ಯವಿದೆ. ಆದರೆ ಪ್ರಕಟಣೆಯೆಂದರೆ ಬರೀ ಮಾಹಿತಿ ಎಂದು ಎರಡೂ ದೂರುಗಳು ಮೊದಲೇ ಒಪ್ಪಿಕೊಂಡುಬಿಟ್ಟಿವೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಕ್ರೈಸ್ತ ಸಭೆಯ ಅತ್ಯಂತ ಹಳೆಯ ಬರಹಗಳಲ್ಲೇ ಪ್ರಕಟಣೆ ಇದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯ ಅಧ್ಯಾಯ ತೆರೆದರೆ, ಪುನರುತ್ಥಾನದ ದೊಡ್ಡ ಬೋಧನೆ ಮುಗಿದ ಬೆನ್ನಿಗೇ ಜೆರುಸಲೇಮಿನ ಬಡವರಿಗಾಗಿ ವಾರದ ಮೊದಲ ದಿನ ಹಣ ತೆಗೆದಿಡುವ ಮಾತು ಬರುತ್ತದೆ, ಅದನ್ನು ಯಾರು ಒಯ್ಯಬೇಕು ಎಂಬ ವಿವರವೂ ಬರುತ್ತದೆ. ಎರಡನೆಯ ಶತಮಾನದ ನಡುವಿನಲ್ಲಿ ಸಂತ ಜಸ್ಟಿನ್ ರೋಮಿನಲ್ಲಿ ಭಾನುವಾರದ ಕೂಟವನ್ನು ವಿವರಿಸುವಾಗ, ಅಲ್ಲಿ ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತದೆಂದು ಬರೆದರು. ಅಲೆಗ್ಸಾಂಡ್ರಿಯಾದ ಧರ್ಮಾಧ್ಯಕ್ಷರು ಆ ವರ್ಷ ಪಾಸ್ಖ ಹಬ್ಬ ಯಾವ ದಿನ ಬೀಳುತ್ತದೆಂದು ತಿಳಿಸಲು ಸಭೆಗಳಿಗೆ ಪ್ರತಿವರ್ಷ ಪತ್ರ ಕಳಿಸುತ್ತಿದ್ದರು. ಸಂತ ಅಥನಾಸಿಯುಸರು 367ರಲ್ಲಿ ಕಳಿಸಿದ ಅಂಥದೊಂದು ಪತ್ರದಲ್ಲೇ ಹೊಸ ಒಡಂಬಡಿಕೆಯ 27 ಪುಸ್ತಕಗಳು ಇಂದಿನ ಪಟ್ಟಿಯಂತೆಯೇ ಮೊದಲ ಬಾರಿಗೆ ಒಟ್ಟಿಗೆ ಕಾಣಿಸುತ್ತವೆ. ಹಬ್ಬದ ತಾರೀಖು ತಿಳಿಸುವ ಪತ್ರವೇ ಬೈಬಲಿನ ಗಡಿಯನ್ನೂ ತಿಳಿಸಿತು. ಲೋಕದ ಮಾತು ಒಂದು ಕಡೆ, ದೇವರ ಮಾತು ಇನ್ನೊಂದು ಕಡೆ ಎಂಬ ಅಚ್ಚುಕಟ್ಟಾದ ವಿಂಗಡಣೆ ಆ ಕಾಲದವರಿಗೆ ಗೊತ್ತಿರಲಿಲ್ಲ.

ಕನ್ನಡದ ಮಟ್ಟಿಗೂ ಇದರಲ್ಲಿ ಗಮನಿಸಬೇಕಾದ ಸಂಗತಿಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಯ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟು ಜನರ ನುಡಿಗೆ ಬಾಗಿಲು ತೆರೆಯುವವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಜನ ಮೊಣಕಾಲೂರಿ ತಮ್ಮ ಜಪಸರ ತಾವು ಹೇಳಿಕೊಳ್ಳುತ್ತಿದ್ದರು. ಗುರುಗಳು ಜನರತ್ತ ತಿರುಗಿ ಅವರಿಗೆ ಅರ್ಥವಾಗುವ ಮಾತಾಡುತ್ತಿದ್ದುದು ಪ್ರಬೋಧನೆಯಲ್ಲಿ ಮತ್ತು ಪ್ರಕಟಣೆಯಲ್ಲಿ. ಪೀಠದ ಪ್ರಾರ್ಥನೆ ಕನ್ನಡವಾಗುವ ಎಷ್ಟೋ ಮೊದಲೇ ಹಬ್ಬದ ದಿನ, ಉಪವಾಸದ ದಿನ, ಮದುವೆಯ ಸುದ್ದಿ ಕನ್ನಡದಲ್ಲಿದ್ದವು. ಮಂತ್ರ ತಿಳಿಯದೆಯೂ ಪೂಜೆ ನಡೆಯಬಹುದೆಂದು ಶತಮಾನಗಳ ಕಾಲ ನಂಬಿದ್ದ ಸಭೆ, ಪ್ರಕಟಣೆ ತಿಳಿಯದೆ ಸಮುದಾಯ ನಡೆಯಲಾರದೆಂದೂ ತಿಳಿದಿತ್ತು.

ಸಮುದಾಯ ಪ್ರಕಟಣೆಯಿಂದ ನಡೆಯುವುದೆಂದರೇನು? ಇದಕ್ಕೆ ಹಳೆಯ ಉದಾಹರಣೆ ಮದುವೆಯ ಪ್ರಕಟಣೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಗುಟ್ಟಿನ ಮದುವೆಗಳನ್ನು ನಿಷೇಧಿಸಿ, ಮದುವೆಗೆ ಮುಂಚೆ ಅದನ್ನು ದೇವಾಲಯದಲ್ಲಿ ಸಾರಬೇಕೆಂದು ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಬಿಗಿಗೊಳಿಸಿ, ಒಂದರ ಹಿಂದೆ ಒಂದರಂತೆ ಮೂರು ಹಬ್ಬದ ದಿನಗಳಲ್ಲಿ ಪೂಜೆಯ ನಡುವೆ ಹೆಸರು ಕೂಗಬೇಕೆಂದಿತು. ಉದ್ದೇಶ ಶುಭಾಶಯ ಕೋರುವುದಾಗಿರಲಿಲ್ಲ. ಒಂದೂರಿನಲ್ಲಿ ಹೆಂಡತಿಯಿದ್ದವನು ಇನ್ನೊಂದೂರಿನಲ್ಲಿ ಮದುವೆಯಾಗುವುದು, ಮಾತು ಕೊಟ್ಟು ಆಮೇಲೆ ಮದುವೆಯೇ ಆಗಿಲ್ಲವೆನ್ನುವುದು, ಇವುಗಳಿಂದ ಹೆಚ್ಚು ನಷ್ಟವಾಗುತ್ತಿದ್ದುದು ಹೆಂಗಸರಿಗೆ. ಹೆಸರು ಕೂಗಿದ ಮೇಲೆ ಊರಿಗೆ ಊರೇ ಸಾಕ್ಷಿ. 1983ರ ಧರ್ಮನಿಯಮ ಸಂಹಿತೆ ಪ್ರಕಟಣೆಯ ರೀತಿಯನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೆ ಬಿಟ್ಟಿದೆ. ಆದರೆ ಅಡ್ಡಿಯೇನಾದರೂ ಗೊತ್ತಿದ್ದರೆ ಮದುವೆಗೆ ಮುಂಚೆ ತಿಳಿಸುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯವೆಂಬ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದೆ.

ವಾಟ್ಸಾಪಿಗೂ ಪ್ರಕಟಣೆಗೂ ಇರುವ ವ್ಯತ್ಯಾಸ ಇಲ್ಲಿದೆ. ಗುಂಪಿಗೆ ಹಾಕಿದ ಸಂದೇಶವನ್ನು ನೂರು ಜನ ನೋಡಿರಬಹುದು, ಆದರೆ ಯಾರು ನೋಡಿದರು, ಯಾರು ನೋಡಲಿಲ್ಲ ಎಂಬುದು ಒಬ್ಬರಿಂದೊಬ್ಬರಿಗೆ ಮರೆಯಾಗಿರುತ್ತದೆ. ‘ನಾನು ನೋಡೇ ಇಲ್ಲ’ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಒಂದೇ ಸೂರಿನಡಿ ಒಟ್ಟಿಗೆ ಕೇಳಿದ ಮಾತು ಹಾಗಲ್ಲ. ನನಗೆ ಗೊತ್ತು, ನನಗೆ ಗೊತ್ತೆಂಬುದು ಪಕ್ಕದವರಿಗೂ ಗೊತ್ತು. ಹಾಗೆ ಕೇಳಿದ ಮಾತು ಹೇಳಿದವರನ್ನೂ ಕೇಳಿದವರನ್ನೂ ಕಟ್ಟಿಹಾಕುತ್ತದೆ. ಮಾಹಿತಿಗೆ ಫೋನು ಸಾಕು, ಹೊಣೆಗೆ ಸಾಲದು. ಹಾಗಾದರೆ ಯಾವುದು ಪ್ರಕಟಣೆಯಾಗಬೇಕು, ಯಾವುದು ಫಲಕಕ್ಕೋ ಫೋನಿಗೋ ಹೋಗಬೇಕು ಎಂಬುದಕ್ಕೆ ಒಂದು ಒರೆಗಲ್ಲು ಸಿಗುತ್ತದೆ: ಈ ಮಾತನ್ನು ಎಲ್ಲರೂ ಒಟ್ಟಿಗೆ ಕೇಳಲೇಬೇಕೆ? ಶಿಲುಬೆ ಹಾದಿಯ ಸಮಯಕ್ಕೆ ಅದು ಬೇಡ, ಫಲಕ ಸಾಕು. ಹಬ್ಬದ ಲೆಕ್ಕಕ್ಕೆ ಬೇಕೇಬೇಕು.

ಒಟ್ಟಿಗೆ ಕೇಳುವ ಮಾತು ಹೆಚ್ಚು ಬೇಕಾಗುವುದು ಕ್ರೈಸ್ತರು ಚದುರಿರುವ ಕಡೆ. ಮಂಡ್ಯ ಜಿಲ್ಲೆಯನ್ನೇ ನೋಡಿ: ಇಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇಕಡ ಒಂದಕ್ಕಿಂತ ಕಡಿಮೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅವರು ಚದುರಿ ಬದುಕುತ್ತಾರೆ. ಬೆಂಗಳೂರಿನ ಶಿವಾಜಿನಗರದಂತೆ, ಮಂಗಳೂರಿನ ಬೆಂದೂರಿನಂತೆ ಚರ್ಚಿನ ಸುತ್ತ ತಮ್ಮವರ ಬೀದಿಯೇ ಇರುವ ಸ್ಥಿತಿ ಇಲ್ಲಿಯದಲ್ಲ. ತಲೆಮಾರುಗಳಿಂದ ಇಲ್ಲೇ ಇರುವವರಿದ್ದಾರೆ, ಕನ್ನಂಬಾಡಿ ಕಟ್ಟೆ ಮತ್ತು ಕಾಲುವೆಗಳ ಕಾಲದಲ್ಲಿ ಕೂಲಿಗಾಗಿ ಬಂದು ನಿಂತವರ ಮಕ್ಕಳಿದ್ದಾರೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆಸ್ಪತ್ರೆ, ಕಾಲೇಜುಗಳಿಗೆ ಕೇರಳದಿಂದ ಬರುವ ಶುಶ್ರೂಷಕಿಯರೂ ವಿದ್ಯಾರ್ಥಿಗಳೂ ಇದ್ದಾರೆ. ಲ್ಯಾಟಿನ್ ವಿಧಿಯವರಿಗೆ ಇದು ಮೈಸೂರು ಧರ್ಮಕ್ಷೇತ್ರ. ಸಿರೋ-ಮಲಬಾರ್ ವಿಧಿಯವರಿಗೆ 2010ರ ಜನವರಿಯಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಪ್ರಾಂತ್ಯ. ಒಂದೇ ನೆಲ, ಎರಡು ಧರ್ಮಾಧ್ಯಕ್ಷ ಪೀಠ, ಕನಿಷ್ಠ ಮೂರು ಮನೆಮಾತು. ಇಂಥಲ್ಲಿ ಒಂದು ಕ್ರೈಸ್ತ ಕುಟುಂಬದ ಪಕ್ಕದ ಮನೆ, ಎದುರು ಮನೆ, ಕೆಲಸದ ಜಾಗ ಎಲ್ಲವೂ ಬೇರೆಯವರದು. ಒಬ್ಬರಿಗೊಬ್ಬರು ಸಿಗುವುದು ಭಾನುವಾರ ಮಾತ್ರ. ಬೆಂದೂರಿನಲ್ಲಿ ಪ್ರಕಟಣೆ ಇಲ್ಲದಿದ್ದರೂ ಸುದ್ದಿ ಬೀದಿಯಲ್ಲೇ ಹಬ್ಬುತ್ತದೆ. ಕೆ.ಆರ್. ಪೇಟೆಯಲ್ಲಿ ಹಬ್ಬುವುದಿಲ್ಲ.

ಈ ಚದುರುವಿಕೆ ಇಲ್ಲಿಗೆ ಹೊಸದಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ಸಂಖ್ಯೆಯ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ, ಸಾವಿರಾರು ಜನ ಎಂಬುದರಲ್ಲಿ ತಕರಾರಿಲ್ಲ. 1799ರಲ್ಲಿ ಕೋಟೆ ಬೀಳುವವರೆಗೆ ಹದಿನೈದು ವರ್ಷ ಅವರದು ಸೆರೆಯ ಬಾಳು. ಆಮೇಲೆ ಬದುಕುಳಿದವರಲ್ಲಿ ಬಹಳ ಮಂದಿ ಕರಾವಳಿಗೆ ಮರಳಿದರು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಅಬ್ಬೆ ದುಬಾಯ್ ಈ ಸೀಮೆಯಲ್ಲಿ ಅಳಿದುಳಿದವರನ್ನು ಕೂಡಿಸುವ ಕೆಲಸಕ್ಕೆ ನಿಂತರು. ಗಂಜಾಮಿನಲ್ಲಿರುವ ದೇವಾಲಯವನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಹಿಂದೂ ಆಚಾರ-ವ್ಯವಹಾರಗಳನ್ನು ಕುರಿತ ಪುಸ್ತಕದಿಂದ ಲೋಕಪ್ರಸಿದ್ಧರಾದ ಅವರು ಅಷ್ಟಾಗಿ ನೆನಪಿನಲ್ಲಿಲ್ಲದ ಇನ್ನೊಂದು ಕೆಲಸ ಮಾಡಿದ್ದರು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರೆಂದು ಅಂದಿನ ಸರ್ಕಾರಿ ವರದಿ ಹೇಳುತ್ತದೆ. ಹಸುವಿನ ಸಿಡುಬಿನ ಲಸಿಕೆ ಮುಂಬಯಿಗೆ ತಲುಪಿದ್ದೇ 1802ರಲ್ಲಿ. ವರ್ಷದೊಪ್ಪತ್ತಿನಲ್ಲಿ, ಕಂಡರಿಯದ ಔಷಧಕ್ಕೆ ಕಾಲು ಲಕ್ಷ ಜನ ತೋಳು ಚಾಚಿದರು. ಪೇಟೆಯಲ್ಲಿ ಸಿಪಾಯಿ ಬಂದು ಕಾಗದ ಅಂಟಿಸಿದ್ದರೆ ಅಷ್ಟು ಜನ ಬರುತ್ತಿರಲಿಲ್ಲ. ಹೊಸ ಮಾತನ್ನು ಜನ ನಂಬುವುದು ಅದನ್ನು ಹೇಳುವವರು ನಾಳೆಯೂ ತಮ್ಮ ಕಣ್ಣಿಗೆ ಬೀಳುವವರಾಗಿದ್ದರೆ, ಮಾತು ಕೆಟ್ಟರೆ ಕೇಳಲು ಅವರು ಕೈಗೆ ಸಿಗುವಂತಿದ್ದರೆ. ದೇವಾಲಯದಲ್ಲಿ ಆಡಿದ ಮಾತಿಗೆ ಬೆಲೆ ಬರುವುದು ಈ ಕಾರಣಕ್ಕೆ.

ಕಟ್ಟಿಹಾಕುವ ಶಕ್ತಿ ಇರುವುದರಿಂದಲೇ ಅದನ್ನು ಯಾರ ಮೇಲೆ ಬಳಸುತ್ತೇವೆ ಎಂಬ ಪ್ರಶ್ನೆ ಬರುತ್ತದೆ. ದುಬಾಯ್ ಹುಟ್ಟಿ ಬೆಳೆದ ಫ್ರಾನ್ಸಿನ ಚರಿತ್ರೆಯೇ ಇದಕ್ಕೆ ಎಚ್ಚರಿಕೆ. ಅಲ್ಲಿ ಭಾನುವಾರದ ಪೂಜೆಯ ಪ್ರಕಟಣೆ ಬಹುಕಾಲ ರಾಜನ ಡಂಗುರವೂ ಆಗಿತ್ತು. ಹದಿನಾರನೆಯ ಶತಮಾನದಲ್ಲಿ ಎರಡನೆಯ ಹೆನ್ರಿ, ಬಸಿರು ಮುಚ್ಚಿಟ್ಟ ಹೆಂಗಸರಿಗೆ ಮಗು ಸತ್ತರೆ ಮರಣದಂಡನೆ ವಿಧಿಸುವ ಶಾಸನ ಹೊರಡಿಸಿದ. 1708ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ಮೂರು ತಿಂಗಳಿಗೊಮ್ಮೆ ಪ್ರತಿ ಧರ್ಮಕೇಂದ್ರದಲ್ಲೂ ಓದಬೇಕೆಂದು ಆಜ್ಞೆ ಮಾಡಿದ. ಕ್ರಿಸ್ತನ ಬಲಿಪೀಠದೆದುರು ಕೂತ ಬಡ ಕೆಲಸದ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ಸಲ ತಮ್ಮ ನೇಣಿನ ಬೆದರಿಕೆ ಕೇಳಬೇಕಿತ್ತು. ಬಸಿರಿಗೆ ಕಾರಣನಾದವನ ವಿಷಯ ಆ ಓದಿನಲ್ಲಿರಲಿಲ್ಲ. ಎಲ್ಲರೂ ಒಟ್ಟಿಗೆ ಕೇಳುವ ಮಾತು ಬಲವಿಲ್ಲದವರ ಕೊರಳಿಗೆ ಬಿದ್ದರೆ ಹೀಗಾಗುತ್ತದೆ.

ನಮ್ಮಲ್ಲಿ ನೇಣಿಲ್ಲ, ಆದರೆ ಜಾಡು ಅದೇ. ವಂತಿಗೆ ಬಾಕಿಯಿರುವವರ ಹೆಸರು ಓದುವ ರೂಢಿಯನ್ನು ನೋಡಿ. ಕಬ್ಬಿನ ಬಾಕಿ ಕಾರ್ಖಾನೆಯಿಂದ ಬಂದಿಲ್ಲದವನು, ಗಾರೆ ಕೆಲಸ ಸಿಗದ ತಿಂಗಳು ಕಳೆದವನು ಮುಂದಿನ ಭಾನುವಾರ ಪೂಜೆಗೇ ಬರುವುದಿಲ್ಲ. ಬಾರದಿದ್ದುದಕ್ಕೆ ಭಕ್ತಿ ಕಮ್ಮಿಯೆಂಬ ಹೆಸರು ಬೇರೆ. ಇದರ ಇನ್ನೊಂದು ಮುಖ, ಹಬ್ಬದ ದಾನಿಗಳ ಹೆಸರನ್ನು ಮೊತ್ತದ ಸಮೇತ ಮೇಲಿನಿಂದ ಕೆಳಕ್ಕೆ ಓದುವುದು. ತೇರಿನ ಹೂವಿಗೆ ಇಷ್ಟು, ಊಟಕ್ಕೆ ಇಷ್ಟು, ಧ್ವನಿವರ್ಧಕಕ್ಕೆ ಇಷ್ಟು. ಧರ್ಮ ಮಾಡುವಾಗ ತುತೂರಿ ಊದಿಸಬೇಡಿರೆಂದು ಬೆಟ್ಟದ ಮೇಲೆ ಬೋಧಿಸಿದ ಯೇಸುವಿನ ಪೀಠದೆದುರಲ್ಲೇ ಇದು ನಡೆಯುತ್ತದೆ. ಮೃತರಿಗಾಗಿ ಪೂಜೆ ಕೋರಿದಾಗ ಮೃತರ ಹೆಸರು ಓದುವುದು ಪ್ರಾರ್ಥನೆ. ಕೋರಿದವರ ಹೆಸರನ್ನು ಬಂಧುಬಳಗದ ಸಮೇತ ಓದುವುದು ಜಾಹೀರಾತು. ಕೊಟ್ಟವರ ಪಟ್ಟಿಯಿಂದ ಕೊಡಲಾಗದವರ ಪಟ್ಟಿಯನ್ನೂ ಜನ ಮನಸ್ಸಿನಲ್ಲೇ ಬರೆದುಕೊಳ್ಳುತ್ತಾರೆ.

ಬಲವಿದ್ದವರನ್ನು ಕಟ್ಟಿಹಾಕಿದ ಪ್ರಕಟಣೆಗಳೂ ಇವೆ. 1937ರ ಗರಿಗಳ ಭಾನುವಾರ, ಮಾರ್ಚ್ 21ರಂದು, ಹನ್ನೊಂದನೆಯ ಭಕ್ತಿನಾಥ (ಪಿಯುಸ್) ಜಗದ್ಗುರುಗಳು ನಾತ್ಸಿ ಆಡಳಿತವನ್ನು ಖಂಡಿಸಿ ಜರ್ಮನ್ ಭಾಷೆಯಲ್ಲೇ ಬರೆದ ಪತ್ರವನ್ನು ಜರ್ಮನಿಯ ಕಥೋಲಿಕ ದೇವಾಲಯಗಳಲ್ಲಿ ಓದಲಾಯಿತು. ಗುಟ್ಟಾಗಿ ಅಚ್ಚುಹಾಕಿ ಹಂಚಿದ್ದರಿಂದ ಪೊಲೀಸರಿಗೆ ಅದನ್ನು ತಡೆಯಲಾಗಲಿಲ್ಲ. ಆಫ್ರಿಕಾದ ಮಲಾವಿಯಲ್ಲಿ 1992ರ ಮಾರ್ಚ್ 8ರ ಭಾನುವಾರ ಅಲ್ಲಿನ ಧರ್ಮಾಧ್ಯಕ್ಷರ ತಪಸ್ಸುಕಾಲದ ಪತ್ರ ದೇಶದಾದ್ಯಂತ ಓದಲ್ಪಟ್ಟಿತು. ಹೇಸ್ಟಿಂಗ್ಸ್ ಬಾಂಡಾ ಅವರ ಏಕಪಕ್ಷದ ಆಳ್ವಿಕೆಯಲ್ಲಿ ಜನ ಪಿಸುಗುಟ್ಟಲೂ ಅಂಜುತ್ತಿದ್ದ ಮಾತುಗಳು ಅದರಲ್ಲಿದ್ದವು: ಬಡವರ ಮತ್ತು ಶ್ರೀಮಂತರ ನಡುವಿನ ಅಂತರ, ಶಾಲೆ-ಆಸ್ಪತ್ರೆಗಳ ದುಃಸ್ಥಿತಿ, ಬಾಯಿ ಬಿಡಲಾಗದ ಭಯ. ಆ ಸಂಗತಿಗಳು ಜನರಿಗೆ ಮೊದಲೇ ಗೊತ್ತಿದ್ದವು. ಎಲ್ಲರಿಗೂ ಗೊತ್ತಿದೆಯೆಂಬುದು ಗೊತ್ತಾದದ್ದು ಆ ಭಾನುವಾರ. ಮರುವರ್ಷ ಜನಮತಗಣನೆ, 1994ರಲ್ಲಿ ಬಹುಪಕ್ಷ ಚುನಾವಣೆ ನಡೆದು ಆಳ್ವಿಕೆ ಬದಲಾಯಿತು. ಬದಲಾವಣೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಮೊದಲ ಬಿರುಕು ಆ ಪತ್ರದಿಂದ ಬಿತ್ತು.

ಒಂದು ಸಣ್ಣ ಧರ್ಮಕೇಂದ್ರದಲ್ಲಿ ಬಲವೆಂದರೆ ಮುಖ್ಯವಾಗಿ ಹಣ ಮತ್ತು ತೀರ್ಮಾನ. ಇವೆರಡರ ಬಗ್ಗೆ ಸಭೆಯ ಸ್ವಂತ ಕಾನೂನು ಏನೆನ್ನುತ್ತದೆಂಬುದು ಹೆಚ್ಚು ಜನರಿಗೆ ತಿಳಿಯದು. ಧರ್ಮನಿಯಮ ಸಂಹಿತೆಯ 537ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಮಂಡಳಿ ಇರಲೇಬೇಕು. 1267ನೆಯದು, ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆನ್ನುತ್ತದೆ. 1287ನೆಯದು, ವಿಶ್ವಾಸಿಗಳು ಸಭೆಗೆ ಕೊಟ್ಟ ಆಸ್ತಿಪಾಸ್ತಿಯ ಲೆಕ್ಕವನ್ನು ಸ್ಥಳೀಯ ನಿಯಮಗಳಿಗೆ ಅನುಸಾರವಾಗಿ ವಿಶ್ವಾಸಿಗಳಿಗೆ ಒಪ್ಪಿಸಬೇಕೆನ್ನುತ್ತದೆ. ಹಾಗಿರುವಾಗ ಕೊಡಿರೆಂಬ ಪ್ರಕಟಣೆ ಪ್ರತಿ ವಾರ, ಕೊಟ್ಟದ್ದು ಏನಾಯಿತೆಂಬ ಪ್ರಕಟಣೆ ವರ್ಷಕ್ಕೊಮ್ಮೆಯೋ ಇಲ್ಲವೇ ಇಲ್ಲವೋ ಎಂಬ ಸ್ಥಿತಿ ಸರಿಯೆ? ಮೂರು ತಿಂಗಳಿಗೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಓದಲು ಎರಡು ನಿಮಿಷ ಸಾಕು. ವಿವರದ ಹಾಳೆ ಫಲಕದಲ್ಲಿರಲಿ. ಹೀಗೆ ಓದಿದರೆ ಜಗಳವಾಗುತ್ತದೆ ಎನ್ನುವವರಿದ್ದಾರೆ. ಓದದಿದ್ದರೆ ಜಗಳ ಚರ್ಚಿನ ಹೊರಗಿನ ಟೀ ಅಂಗಡಿಯಲ್ಲಿ ನಡೆಯುತ್ತದೆ, ಅಲ್ಲಿ ಅಂಕಿಗಳೂ ಇರುವುದಿಲ್ಲ.

ಮದುವೆಯ ಪ್ರಕಟಣೆಯಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಹಾರಿಸಿ ಹೋಗಲಾಗದು. ಸಾಕ್ಷಿಯಾಗಿ ನಿಲ್ಲುವ ಊರೇ ಕಾವಲುಗಾರನೂ ಆಗಿಬಿಡಬಹುದು. 1954ರ ವಿಶೇಷ ವಿವಾಹ ಕಾಯ್ದೆ ಮೂವತ್ತು ದಿನದ ನೋಟಿಸು ಪ್ರಕಟಿಸಬೇಕೆಂದಿರುವುದು ಬೇರೆ ಜಾತಿ, ಬೇರೆ ಧರ್ಮದ ಜೋಡಿಗಳನ್ನು ಮನೆಯವರ ಕೈಗೆ, ಗುಂಪುಗಳ ಕೈಗೆ ಹಿಡಿದುಕೊಟ್ಟ ಪ್ರಕರಣಗಳಿವೆ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು ಆ ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದೆಂದು ತೀರ್ಪಿತ್ತಿತು. ಚರ್ಚಿನ ಪ್ರಕಟಣೆಗೂ ಇದು ಅನ್ವಯಿಸಬೇಕಾದ ವಿವೇಕ. ಗುಟ್ಟಿನ ಮದುವೆಯಿಂದ ಹೆಣ್ಣನ್ನು ಕಾಪಾಡಲು ಹುಟ್ಟಿದ ಪದ್ಧತಿ ಹೆಣ್ಣಿನ ಆಯ್ಕೆಯನ್ನೇ ಅಪಾಯಕ್ಕೆ ದೂಡಿದರೆ ಅದು ತನ್ನ ಉದ್ದೇಶವನ್ನೇ ಸೋಲಿಸಿದಂತೆ. ಅಪಾಯವಿರುವಲ್ಲಿ ಪ್ರಕಟಣೆಯಿಂದ ವಿನಾಯಿತಿ ಕೊಡುವ ದಾರಿ ಸಭೆಯಲ್ಲಿ ಹಿಂದಿನಿಂದಲೂ ಇದೆ, ಅದನ್ನು ಬಳಸಬೇಕು. ಉಳಿದವರ ವಿಷಯದಲ್ಲಿ ಹೆಸರು, ತಂದೆತಾಯಿ, ಧರ್ಮಕೇಂದ್ರ ಸಾಕು. ಉದ್ಯೋಗ, ಪದವಿ ಬೇಡ. ಕೇಳಿದೊಡನೆ ಜಾತಿ ತಿಳಿಯುವಂಥ ಸುಳಿವು ಅಂತೂ ಬೇಡವೇ ಬೇಡ.

ಕಾಯಿಲೆಯ ವಿಷಯದಲ್ಲೂ ಹೀಗೆಯೇ. ಯಾರಿಗೆ ರಕ್ತ ಬೇಕು, ಯಾರ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ ಎಂದು ಹೇಳಬೇಕು, ಅವರನ್ನು ಕೇಳಿಯೇ ಹೇಳಬೇಕು. ಕೆಲವು ಮಾತುಗಳಿಗೆ ಯಾರ ಹೆಸರೂ ಬೇಕಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಗಿ ನಾಡೇ ತಲ್ಲಣಿಸಿತು. ಮರುವರ್ಷ ಪಾಂಡವಪುರದಲ್ಲೂ ಅಂಥದೇ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸಿನ ಲೆಕ್ಕ ಹಾಕಿದ ಈ ಜಿಲ್ಲೆಯಲ್ಲಿ, ಜೀವ ಪವಿತ್ರವೆಂದು ಬೋಧಿಸುವ ಸಭೆ ಅದನ್ನು ಪ್ರಬೋಧನೆಯ ಸಾಮಾನ್ಯ ಮಾತಿನಲ್ಲಿ ಮುಗಿಸಬಾರದು. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ, ಸಂಕಟದಲ್ಲಿರುವ ಹೆಂಗಸರಿಗೆ ಸಹಾಯವಾಣಿ 181, ಮಕ್ಕಳಿಗೆ 1098 ಎಂದು ವರ್ಷಕ್ಕೆ ನಾಲ್ಕು ಸಲ ಓದಬೇಕು. ಫ್ರಾನ್ಸಿನ ರಾಜನೂ ನಾಲ್ಕು ಸಲವೇ ಓದಿಸಿದ. ಅವನ ಓದು ಹೆಣ್ಣನ್ನು ಬೆದರಿಸಿತು, ಈ ಓದು ಅವಳ ಮೇಲೆ ಒತ್ತಡ ತರುವ ಗಂಡನಿಗೆ, ಅತ್ತೆಗೆ, ಯಂತ್ರ ಹೊತ್ತು ತಿರುಗುವವನಿಗೆ ಕೇಳಿಸಬೇಕು.

ರಾಜಕೀಯದ ಗೆರೆ ಎಲ್ಲಿ? ಇದಕ್ಕೆ ದೇಶದ ಕಾನೂನೇ ಉತ್ತರ ಕೊಡುತ್ತದೆ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆನ್ನುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆಯೆಂಬುದನ್ನು ಬಹುಮತದಿಂದ ವಿಶಾಲವಾಗಿ ಅರ್ಥೈಸಿತು. ಮತದಾನದ ದಿನ ಹೇಳಬಹುದು, ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ ಎನ್ನಬಹುದು. ಯಾರಿಗೆ ಹಾಕಬೇಕೆಂಬ ಸುಳಿವೂ ಸಲ್ಲದು. ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ 2025ರಲ್ಲಿ ಬಂತು. ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ, ಜಾತಿಯ ಹೆಸರಿಗೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಪಟ್ಟಿಯ ಬಗ್ಗೆ ದೊಡ್ಡ ವಾದವೆದ್ದಿತ್ತು. ಸಭೆಯೊಳಗೂ ಏನು ಬರೆಸಬೇಕೆಂಬ ಗೊಂದಲವಿತ್ತು. ದಲಿತ ಮೂಲದ ಕ್ರೈಸ್ತರಿಗೆ ಇದು ಬರೀ ಗುರುತಿನ ಮಾತಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಇಂಥ ಹೊತ್ತಿನಲ್ಲಿ ‘ಹೀಗೆ ಬರೆಸಿ’ ಎಂಬ ಒಂದು ಸಾಲಿನ ಅಪ್ಪಣೆ ಸುಲಭ. ಹೀಗೆ ಬರೆಸಿದರೆ ಇಂಥ ಪರಿಣಾಮ, ಹಾಗೆ ಬರೆಸಿದರೆ ಅಂಥದ್ದು, ತೀರ್ಮಾನ ನಿಮ್ಮದು ಎನ್ನುವುದು ಕಷ್ಟ. ಅಪ್ಪಣೆಯ ಫಲ ಉಣ್ಣುವವರು ಅಪ್ಪಣೆ ಕೊಟ್ಟವರಲ್ಲವಾದ್ದರಿಂದ ಆ ಕಷ್ಟದ ದಾರಿಯೇ ಸರಿ.

ಯಾರು ಓದಬೇಕೆಂಬುದೂ ಮುಖ್ಯ. ಹಳ್ಳಿಗಳಲ್ಲಿ ತಮಟೆ ಬಡಿದು ಸಾರುವ ಕೆಲಸವನ್ನು ದಲಿತರ ತಲೆಗೆ ಕಟ್ಟಿದ ಚರಿತ್ರೆ ನಮ್ಮದು. ಊರ ಸುದ್ದಿ ಅವರ ಬಾಯಲ್ಲಿ ಬರುತ್ತಿತ್ತು, ಊರ ತೀರ್ಮಾನದಲ್ಲಿ ಅವರ ಮಾತಿರಲಿಲ್ಲ. ಚರ್ಚಿನಲ್ಲಿ ಇದಕ್ಕೆ ಉಲ್ಟಾ ತೊಂದರೆ: ತೀರ್ಮಾನವೂ ಗುರುಗಳದೇ, ಬಾಯಿಯೂ ಗುರುಗಳದೇ. ಪೂಜೆ ಅರ್ಪಿಸಿದ ಬಾಯಿಂದಲೇ ವಂತಿಗೆಯ ಮಾತೂ ಬಂದರೆ ಅದಕ್ಕೆ ದೇವರಾಜ್ಞೆಯ ತೂಕ ಬಂದುಬಿಡುತ್ತದೆ, ಪ್ರಶ್ನಿಸಿದವನು ಧರ್ಮವನ್ನೇ ಪ್ರಶ್ನಿಸಿದಂತಾಗುತ್ತದೆ. ಲೆಕ್ಕವನ್ನು ಹಣಕಾಸು ಮಂಡಳಿಯವರು, ಆರೋಗ್ಯದ ಮಾತನ್ನು ಸಭೆಯಲ್ಲೇ ಇರುವ ಶುಶ್ರೂಷಕಿಯೊಬ್ಬರು, ಯುವಜನರ ಕಾರ್ಯಕ್ರಮವನ್ನು ಯುವಜನರು ಹೇಳಲಿ. ಅರ್ಧಕ್ಕರ್ಧ ಹೆಂಗಸರ ದನಿಯಿರಲಿ. ಒಬ್ಬ ಗುರು ಒಂದಕ್ಕಿಂತ ಹೆಚ್ಚು ಕೇಂದ್ರ ನೋಡಿಕೊಳ್ಳಬೇಕಾದಲ್ಲಿ ಇದು ಇನ್ನೂ ಅಗತ್ಯ. ಮುಂದಿನ ಊರಿನ ಪೂಜೆಗೆ ಹೊರಡುವ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಪ್ರಕಟಣೆ, ಬಿಟ್ಟುಹೋಗುವ ಜಾಗ ಯಾವಾಗಲೂ ನಾಲ್ಕಾರು ಕುಟುಂಬಗಳ ಸಣ್ಣ ಕೇಂದ್ರ. ಸುದ್ದಿ ತಲುಪಲು ಬೇರೆ ದಾರಿಯಿಲ್ಲದವರೂ ಅವರೇ. ಭಾಷೆಯ ಮಾತೂ ಇಲ್ಲೇ ಸೇರುತ್ತದೆ. ಈ ನೆಲದ ವ್ಯವಹಾರದ ನುಡಿ ಕನ್ನಡ, ಪ್ರಕಟಣೆ ಕನ್ನಡದಲ್ಲೇ ಇರಬೇಕು. ಆದರೆ ಹೊಸದಾಗಿ ಬಂದ ಕೇರಳದ ಹುಡುಗಿಗೆ ಸಹಾಯವಾಣಿಯ ಸಂಖ್ಯೆ ತಿಳಿಯದೆ ಹೋಗಬಾರದು. ಅಂಥ ಒಂದೆರಡು ಸಾಲನ್ನು ಮಲಯಾಳದಲ್ಲೋ ತಮಿಳಿನಲ್ಲೋ ಮತ್ತೆ ಹೇಳಿದರೆ ಕನ್ನಡಕ್ಕೆ ಏನೂ ಕುಂದಿಲ್ಲ.

ಭಕ್ತರ ದೂರಿಗೆ ಉತ್ತರ ಸಭೆಯ ಪುಸ್ತಕದಲ್ಲೇ ಇದೆ. ಲ್ಯಾಟಿನ್ ವಿಧಿಯ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿ ಪ್ರಕಟಣೆಗೆ ಎರಡು ಷರತ್ತು ಹಾಕಿದೆ: ಅಗತ್ಯವಿದ್ದರೆ ಮಾತ್ರ, ಮತ್ತು ಚುಟುಕಾಗಿ. ಜಾಗವನ್ನೂ ಗೊತ್ತುಮಾಡಿದೆ: ಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಪ್ರಬೋಧನೆಯ ಬಾಲವಾಗಿ ಅಲ್ಲ. ವಾಚನಪೀಠ ದೇವರ ವಾಕ್ಯಕ್ಕೆ ಮೀಸಲು, ಆದ್ದರಿಂದ ಪ್ರಕಟಣೆಗೆ ಬೇರೆ ಕಡೆ ನಿಲ್ಲಬೇಕು. ಗಾಂಭೀರ್ಯ ಕೆಡುತ್ತಿರುವುದು ಪ್ರಕಟಣೆಯಿಂದಲ್ಲ, ಈ ನಿಯಮಗಳನ್ನು ಮರೆತದ್ದರಿಂದ. ಒಟ್ಟಿಗೆ ಕೇಳಲೇಬೇಕಾದ್ದನ್ನು ಮಾತ್ರ ಉಳಿಸಿಕೊಂಡರೆ ಮೂರು ನಿಮಿಷ ಮೀರುವುದಿಲ್ಲ. ಆ ಮೂರು ನಿಮಿಷ ಪೂಜೆಗೆ ಅಡ್ಡಿಯೂ ಅಲ್ಲ. ಒಂದೇ ರೊಟ್ಟಿಯನ್ನು ಹಂಚಿಕೊಂಡವರು ಪರಸ್ಪರ ಏನು ಹಂಚಿಕೊಳ್ಳಬೇಕೆಂಬುದಕ್ಕೆ ಆಶೀರ್ವಾದ ಪಡೆದು ಹೊರಡುವ ಮುಂಚಿನ ಆ ಹೊತ್ತಿಗಿಂತ ತಕ್ಕ ಹೊತ್ತು ಯಾವುದಿದೆ?

ಇದರಲ್ಲಿ ಯಾವುದಕ್ಕೂ ರೋಮಿನ ಅಪ್ಪಣೆ ಬೇಕಿಲ್ಲ. ಮೈಸೂರಿನಿಂದಲೋ ಮಂಡ್ಯದಿಂದಲೋ ಸುತ್ತೋಲೆ ಬರಲಿ ಎಂದು ಕಾಯಬೇಕಿಲ್ಲ. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಮೂರು ತೀರ್ಮಾನ ಸಾಕು: ಬಾಕಿದಾರರ ಹೆಸರನ್ನೂ ದಾನಿಗಳ ಮೊತ್ತವನ್ನೂ ಇನ್ನು ಓದುವುದಿಲ್ಲ, ಮೂರು ತಿಂಗಳಿಗೊಮ್ಮೆ ಲೆಕ್ಕ ಓದುತ್ತೇವೆ, ಓದುವವರು ಗುರುಗಳಲ್ಲ, ನಮ್ಮಲ್ಲೊಬ್ಬರು. ಮೊದಲನೆಯದಕ್ಕೆ ಸಂಕೋಚ ಅಡ್ಡ ಬರಬಹುದು, ಮೂರನೆಯದಕ್ಕೆ ರೂಢಿ. ಎರಡನೆಯದಕ್ಕೆ ಯಾರು ಅಡ್ಡ ಬರುತ್ತಾರೋ ಅವರಿಂದಲೇ ಆ ಧರ್ಮಕೇಂದ್ರದಲ್ಲಿ ಲೆಕ್ಕ ಓದುವ ಅಗತ್ಯ ಎಷ್ಟಿದೆಯೆಂಬುದು ತಿಳಿದುಹೋಗುತ್ತದೆ.